ಹೊನ್ನಾವರಕ್ಕೆ ಹೋದ ದುರ್ಗಿ

ಬಾಡ ಊರಿನ ಸುಮತಿ ಈ ಕಥೆಯನ್ನು ಒಂದು ಸುಳ್ಳಿನಿಂದಲೇ ಆರಂಭಿಸುತ್ತಾಳೆ. ಆ ಸುಳ್ಳು ಹೇಳಿದವಳು ತಾನೇ ಎಂಬುದನ್ನು ಮುಚ್ಚಿಡುವುದಿಲ್ಲ.

ಅವಳ ಅತ್ತೆ ದುರ್ಗಿ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಪಾದದಿಂದ ಸವರಿದರೆ ಸೊಂಟದ ಉಳುಕು ಬಿಡುತ್ತದೆಂಬುದು ಊರಿನ ನಂಬಿಕೆ. ಉಳುಕಿದವರು ಜಗಲಿಯ ಮೇಲೆ ಬೋರಲು ಮಲಗಬೇಕು. ದುರ್ಗಿ ಗೋಡೆ ಹಿಡಿಯದೆ ಎಡಗಾಲ ಮೇಲೆ ನಿಂತು ಬಲಪಾದದಿಂದ ಮೂರು ಸಲ ಸವರಬೇಕು. ನಲವತ್ತು ವರ್ಷ ಅವಳು ಹಾಗೆ ಸವರಿದ್ದಳು.

ಒಂದು ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತು ಬರುವಾಗ ಅದೇ ಎಡಪಾದ ಮಡಚಿ ಬಿದ್ದಳು. ತನ್ನ ಉಳುಕನ್ನು ತಾನೇ ಸವರಿಕೊಳ್ಳುವಂತಿಲ್ಲ. ಬಿಸಿ ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಿಸಿಕೊಂಡಳು. ಹರಡು, ಅಂದರೆ ಪಾದದ ಗಂಟು, ಇನ್ನಷ್ಟು ಊದಿತು. ಕುಮಟೆಯಲ್ಲಿ ಎಕ್ಸ್‌ರೇ ತೆಗೆದವರು, ಎಲುಬು ಮುರಿದಿಲ್ಲ, ಕೀಲಿನ ನಾರು ಹರಿದಿದೆ ಎಂದರು. ವ್ಯಾಯಾಮ ಕಲಿಸುವ ಅಂಕಿತಾ ಎಂಬ ಹುಡುಗಿ ಆರು ವಾರ ಬೇಕೆಂದಳು.

ಮನೆಗೆ ಮರಳಿದ ದಿನವೇ ಉಳುಕಿನವರೊಬ್ಬರು ಬಂದರು. ಉಳುಕು ತೆಗೆಯುವವಳಿಗೇ ಉಳುಕೆಂದರೆ ಮುಂದೆ ಯಾರು ಬಂದಾರು? ಸುಮತಿ ಬಾಗಿಲಲ್ಲೇ ಹೇಳಿಬಿಟ್ಟಳು: "ಅತ್ತೆ ಇಲ್ಲ. ಹೊನ್ನಾವರಕ್ಕೆ, ತಂಗಿ ಮನೆಗೆ ಹೋಗಿದ್ರು."

ಹೊನ್ನಾವರಕ್ಕೆ ಹೋದವಳು ಬಾಡದ ಜಗಲಿಯಲ್ಲಿ ಕೂರುವಂತಿಲ್ಲ. ಅಂದಿನಿಂದ ದುರ್ಗಿಗೆ ಒಳಕೋಣೆಯೇ ಗತಿಯಾಯಿತು. ಕಿಟಕಿ ಮುಚ್ಚಿತ್ತು, ಸಂದಿಯಲ್ಲಿ ಒಂದು ತೆಂಗಿನ ಮರದ ಬುಡ ಮಾತ್ರ ಕಾಣುತ್ತಿತ್ತು. ಬೇರೆ ಹೆಂಗಸರು ಮೀನು ಕೂಗಿಕೊಂಡು ಹೋಗುವುದು ಕೇಳುತ್ತಿತ್ತು. ಬಂದ ಕೆಮ್ಮನ್ನೂ ಸೆರಗಿನಲ್ಲಿ ಅದುಮಬೇಕಿತ್ತು.

ಅಂಕಿತಾ ವಾರಕ್ಕೊಮ್ಮೆ ಫೋನಿನಲ್ಲಿ ಪಾಠ ಹೇಳುತ್ತಿದ್ದಳು. "ಅಮ್ಮಾ, ಹೆಬ್ಬೆರಳಿಂದ ಗಾಳೀಲಿ ಅ ಆ ಇ ಈ ಬರೀರಿ."

"ಬರೂಕೆ ಬಂದಿದ್ರೆ ನಾ ಮೀನು ಬುಟ್ಟಿ ಎಂತಕ್ಕೆ ಹೊರ್ತಿದ್ದೆ?"

"ಹಂಗಾರೆ ಮೀನೇ ಬರೀರಿ."

ದುರ್ಗಿ ಬಂಗಡೆ ಬರೆದಳು, ತಾರ್ಲೆ ಬರೆದಳು. ಎರಡು ವಾರವಾದರೂ ತೊರಕೆಯ ಉದ್ದ ಬಾಲ ಬರೆಯುವಾಗ ಹರಡು ಚುಚ್ಚುತ್ತಿತ್ತು. ಆಮೇಲೆ ರಬ್ಬರ್ ಪಟ್ಟಿ ಎಳೆಯುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು. ಕಡೆಯದು, ಗೋಡೆ ಬಿಟ್ಟು ಎಡಗಾಲ ಮೇಲೆ ನಿಂತು ಮೂವತ್ತು ಎಣಿಸುವುದು. "ಅದಾಗದೆ ಬುಟ್ಟಿ ಹೊರೋದು ಬೇಡ," ಎಂದಿದ್ದಳು ಅಂಕಿತಾ. ದುರ್ಗಿಗೆ ಹನ್ನೆರಡಕ್ಕೇ ನೆಲ ವಾಲುತ್ತಿತ್ತು.

ಐದನೆಯ ವಾರ ನೆರೆಮನೆಯ ದಾಸ ಸೊಂಟ ಹಿಡಿದುಕೊಂಡು ಬಂದ. ದುರ್ಗಕ್ಕ ಇನ್ನೂ ಬಂದಿಲ್ಲವೆಂದು ಕೇಳಿ ಜಗಲಿಯ ಕಂಬಕ್ಕೊರಗಿದ.

"ಹಂಗಾರೆ ನಾಳೆ ಬಸ್ಸಿಗೆ ಹೊನ್ನಾವರಕ್ಕೇ ಹೋಗ್ತೆ. ಅವ್ರ ತಂಗಿ ಮನೆ ನಂಗೆ ಗೊತ್ತದೆ."

ಒಳಕೋಣೆಯ ಅಗಳಿ ಸದ್ದಾಯಿತು. ದುರ್ಗಿ ಹೊಸ್ತಿಲು ದಾಟಿ ಬಂದಳು.

"ಎಂತ ದುರ್ಗಕ್ಕ, ಹೊನ್ನಾವರ ಒಳಕೋಣೆಗೇ ಬಂತಾ?"

"ಬಾಯಿ ಮುಚ್ಕಂಡು ಮಲ್ಗು."

ದಾಸ ಬೋರಲಾದ. ದುರ್ಗಿ ಎಡಗಾಲ ಮೇಲೆ ನಿಂತು ಮನಸ್ಸಿನಲ್ಲೇ ಎಣಿಸತೊಡಗಿದಳು. ಎಂಟಕ್ಕೆ ಒಂದು ಸಲ ಸವರಿದಳು. ಹದಿನೈದಕ್ಕೆ ಇನ್ನೊಂದು ಸಲ. ಹತ್ತೊಂಬತ್ತಕ್ಕೆ ಹರಡು ನಡುಗಿತು. ಗೋಡೆ ಗೇಣು ದೂರದಲ್ಲಿತ್ತು. ಹಿಡಿದರೆ ಸವರಿದ್ದು ಸವರಿದಂತಲ್ಲ; ಹಿಡಿಯದೆ ಬಿದ್ದರೆ ಮತ್ತೆ ಒಳಕೋಣೆ. ಅವಳು ಬಲಗಾಲನ್ನು ನೆಲಕ್ಕಿಟ್ಟಳು.

"ಎರಡೇ ಆತು," ಎಂದ ದಾಸ.

"ನಂಗೂ ಉಳುಕು ಅದೆ. ಐದು ವಾರ ಆತು. ಮೂರನೇದಕ್ಕೆ ಕುಮಟೆಗೆ ಹೋಗು, ಅಲ್ಲೊಂದು ಹುಡುಗಿ ಅದೆ."

ದಾಸ ಸೊಂಟ ಹಿಡಿದು ಎದ್ದು ಕೂತ. "ಅದೂ ಕಾಲು ಮುಂದಾಗಿ ಹುಟ್ಟಿದ್ದಾ?"

"ಕೇಳ್ಲಿಲ್ಲ. ನನ್ ಹತ್ರ ಮೀನು ಬರೆಸ್ತು."

ಮಧ್ಯಾಹ್ನದವರೆಗೂ ದುರ್ಗಿ ಒಳಗೆ ಹೋಗಲಿಲ್ಲ. ಪಟ್ಟಿ ಸುತ್ತಿದ ಕಾಲನ್ನು ದಾರಿಯ ಕಡೆಗೇ ಚಾಚಿ ಜಗಲಿಯಲ್ಲಿ ಕೂತಿದ್ದಳು.

ಹಳದೀಪುರದ ಕಡೆ ಈ ಕಥೆ ಹೇಳುವವರು ಅವಳು ಮೂರೂ ಸಲ ಸವರಿದಳೆನ್ನುತ್ತಾರೆ. ಸುಮತಿ ಒಪ್ಪುವುದಿಲ್ಲ. ಎರಡೇ, ಎನ್ನುತ್ತಾಳೆ.