ಅಮ್ಮನ ಬಾಯಿಂದ ಬಿದ್ದ ಬೈಗುಳ

ಅಮ್ಮನಿಗೆ ಲಕ್ವ ಹೊಡೆದು ಏಳು ವಾರವಾಗಿತ್ತು. ಬಲಗೈ ಅಷ್ಟಿಷ್ಟು ಆಡುತ್ತಿತ್ತು, ಮಾತು ಮಾತ್ರ ಪೂರ್ತಿ ನಿಂತುಹೋಗಿತ್ತು. ನಾನು ಹಗಲೆಲ್ಲ ಹ್ಯಾಲಿಫ್ಯಾಕ್ಸಿನ ಉಣ್ಣೆ ಗಿರಣಿಯಲ್ಲಿ. ಬಿದ್ದರೆ ಕೂಗಲೂ ಆಗದವಳನ್ನು ಒಬ್ಬಳನ್ನೇ ಬಿಡುವುದು ಹೇಗೆಂದು ಅಣ್ಣ ವಿಲ್ಫ್ರೆಡ್, ಊರಾಚೆಯ ದಿಕ್ಕಿಲ್ಲದವರ ಆಸ್ಪತ್ರೆಗೆ ಸೇರಿಸಲು ಸೋಮವಾರಕ್ಕೆ ಗಾಡಿ ಗೊತ್ತುಮಾಡಿದ್ದ. ಅವನ ಬುದ್ಧಿಗಿಷ್ಟು ಬೆಂಕಿ ಬೀಳ. ಆದರೂ ಅಮ್ಮನ ಬಟ್ಟೆಬರೆ ಗಂಟು ಕಟ್ಟಿಟ್ಟಿದ್ದೆ.

ಭಾನುವಾರ ಸಂಜೆ ಪಾದ್ರಿ ಹೋಲ್‌ರಾಯ್ಡ್ ಅವಳಿಗಾಗಿ ಪ್ರಾರ್ಥಿಸಲು ಬಂದರು. ನನ್ನ ತಲೆ ಎಲ್ಲೋ ಇತ್ತು. ಅವರಿಗೆ ಟೀ ಮಾಡುವಾಗ ಬಿಸಿನೀರು ಹುಯ್ದು ಟೀಪಾಟನ್ನು ಮೊದಲು ಬೆಚ್ಚಗೆ ಮಾಡದೆ, ತಣ್ಣಗಿನ ಪಾಟಿಗೇ ಟೀಸೊಪ್ಪು ಹಾಕಿ ನೀರು ಸುರಿದುಬಿಟ್ಟೆ. ನಮ್ಮ ಕಡೆ ಇದಕ್ಕಿಂತ ದೊಡ್ಡ ಅಪರಾಧವಿಲ್ಲ. ಪಾದ್ರಿಗಳು ಮರ್ಯಾದೆಗೆ ಕಿಟಕಿಯ ಕಡೆ ನೋಡಿದರು.

"ಡ್ರ್ಯಾಟ್," ಎಂದಳು ಅಮ್ಮ.

ಕೆಟಲು ನನ್ನ ಕಾಲ ಮೇಲೆ ಬೀಳದೆ ಉಳಿದದ್ದೇ ಪುಣ್ಯ.

'ಹಾಳಾದ್ದು' ಅನ್ನುವಷ್ಟೇ ಆ ಮಾತು. ಗಿರಣಿಯಲ್ಲಿ ನಾನು ದಿನಕ್ಕೆ ನೂರು ಸಲ ಅನ್ನುತ್ತೇನೆ. ಆದರೆ ಇದೇ ಪಾದ್ರಿಗಳು ಒಮ್ಮೆ ಚಾಪೆಲಿನಲ್ಲಿ ಅದರ ಜನ್ಮ ಜಾಲಾಡಿದ್ದರು. 'ಗಾಡ್ ರಾಟ್', ಅಂದರೆ 'ದೇವರು ಕೊಳೆಸಲಿ' ಎಂಬ ಹಳೆಯ ಶಾಪವಂತೆ ಅದು. ಜನ ಹೆದರಿ ದೇವರ ಹೆಸರನ್ನು ಅರ್ಧ ನುಂಗಿದರು, ಬಾಲ ಉಳಿಯಿತು. 'ಗಾಶ್' ಅಂದರೂ ದೇವರೇ, 'ಕ್ರೈಕಿ' ಅಂದರೂ ಕ್ರಿಸ್ತನೇ, ವೇಷ ಮರೆಸಿದರೆ ಪಾಪ ಕಮ್ಮಿಯಾಗದು ಎಂದಿದ್ದರು. ಅಂದಿನಿಂದ ಅಮ್ಮ ಕೈ ಸುಟ್ಟುಕೊಂಡರೂ ಅಂಥ ಮಾತಾಡಿದವಳಲ್ಲ.

ನನಗೆ ಖುಷಿಯೂ ಭಯವೂ ಒಟ್ಟಿಗೇ ಆಯಿತು. "ಅವ್ಳಿಗೆ ಗೊತ್ತಾಗ್ದೆ ಬಂದ್ಬಿಡ್ತು, ಸ್ವಾಮಿ," ಅಂದೆ.

"ಸುಮ್ನಿರು ಹೆಸ್ಟರ್," ಎಂದ ಅವರು ಅಮ್ಮನ ಕುರ್ಚಿಯ ಮುಂದೆ ಮಂಡಿಯೂರಿದರು. ಅವರ ಕಣ್ಣೂ ಒದ್ದೆಯಾಗಿತ್ತು. "ಇನ್ನೊಂದ್ಸಲ ಹೇಳಿ, ತಾಯಿ. ದೇವ್ರ ಹತ್ರ ನಾನು ಮಾತಾಡ್ಕೋತೀನಿ."

ಅಮ್ಮ ಬಹಳ ಹೊತ್ತು ತುಟಿ ಆಡಿಸಿದಳು.

"ಬೇಡ," ಅಂದಳು. "ಇವತ್ತು... ಭಾನ್ವಾರ."

ನಾನು ಅಲ್ಲೇ ನೆಲದ ಮೇಲೆ ಕೂತು ಗೊಳೋ ಎಂದು ಅತ್ತೆ. ಪಾದ್ರಿಗಳು ಪ್ರಾರ್ಥನೆಯನ್ನೂ ಮರೆತು, ಗಾಡಿ ಬೇಡವೆಂದು ವಿಲ್ಫ್ರೆಡ್‌ಗೆ ಹೇಳಲು ಟೋಪಿ ಹಾಕಿಕೊಂಡು ಓಡಿದರು.