ನಮ್ಮ ಸೊಸೆ ಇದ್ದಾಳಲ್ಲ

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಅವಳು ಗುಮಾಸ್ತೆ. ಬಂದವರ ಹೆಸರು ಬರೆದುಕೊಳ್ಳುವುದು, ರಕ್ತದ ವರದಿ ಬಂತೇ ಎಂದು ಲ್ಯಾಬಿನವರ ಪ್ರಾಣ ತಿನ್ನುವುದು, ಮೇಲಿನ ಐಸಿಯುವಿನಲ್ಲಿ ಬೆಡ್ ಖಾಲಿಯಾಯಿತೇ ಎಂದು ಫೋನಿನಲ್ಲಿ ಅಂಗಲಾಚುವುದು, ಇಲ್ಲ ಎಂದರೆ ಆ ‘ಇಲ್ಲ’ವನ್ನು ಗಾಜಿನ ಕಿಂಡಿಯಾಚೆ ನಿಂತವರಿಗೆ ದಾಟಿಸಿ ಬೈಸಿಕೊಳ್ಳುವುದು, ಇಷ್ಟೇ ಅವಳ ಕೆಲಸ. ಬೆಡ್ ಯಾರಿಗೆ ಎಂದು ತೀರ್ಮಾನಿಸುವವರು ಡಾಕ್ಟರು. ಬೈಗುಳ ಮಾತ್ರ ಪೂರ್ತಿ ಅವಳ ಪಾಲಿಗೆ.

ಆದರೆ ಇದನ್ನು ಅವಳ ಅತ್ತೆಗೆ ಬಿಡಿಸಿ ಹೇಳುವವರು ಯಾರು? ಒಮ್ಮೆ ಪಕ್ಕದ ಮನೆಯಾಕೆ ಬಾಗಿಲ ಸಂದಿಗೆ ಬೆರಳು ಸಿಕ್ಕಿಸಿಕೊಂಡು ಬಂದಿದ್ದಳು. ಅದೃಷ್ಟಕ್ಕೆ ಅವತ್ತು ವಿಭಾಗ ಬಿಕೋ ಎನ್ನುತ್ತಿತ್ತು. ಬಂದ ಕೂಡಲೇ ಪಟ್ಟಿ ಕಟ್ಟಿ ಕಳಿಸಿದರು. ಅಲ್ಲಿಂದ ಶುರುವಾಯಿತು ನೋಡಿ. ಆಸ್ಪತ್ರೆ ನಡೆಯುತ್ತಿರುವುದೇ ನಮ್ಮ ಸೊಸೆಯಿಂದ, ಡಾಕ್ಟರುಗಳೂ ಅವಳನ್ನು ಕೇಳಿಯೇ ಹೆಜ್ಜೆ ಇಡುತ್ತಾರೆ ಎಂದು ಅತ್ತೆ ಬೀದಿಗೆಲ್ಲ ಡಂಗುರ ಸಾರಿಬಿಟ್ಟರು. ಮನೆಯಲ್ಲಿ ಕರೆಯುವುದೂ ‘ಆಫೀಸರಮ್ಮ’ ಎಂದೇ. ಸೊಸೆ ಎಂದರೆ ಮೂಗು ಮುರಿಯುವವರ ನಡುವೆ ಇಂಥ ಅತ್ತೆ ಸಿಕ್ಕಿರುವಾಗ ಯಾರು ತಾನೇ ತಿದ್ದಲು ಹೋಗುತ್ತಾರೆ? ಅವಳೂ ನಕ್ಕು ಸುಮ್ಮನಿದ್ದಳು.

ಆ ಬೆಳಿಗ್ಗೆ ಸ್ಟ್ರೆಚರಿನ ಮೇಲೆ ಬಂದದ್ದು ಅದೇ ಅತ್ತೆ. ತುಟಿ ನೀಲಿಗಟ್ಟಿತ್ತು. ಒಂದೊಂದು ಉಸಿರಿಗೂ ಭುಜ ಮೇಲೇಳುತ್ತಿತ್ತು. ಹಿಂದೆ ಓಡಿಬಂದ ಅವಳ ಗಂಡನ ಮುಖದಲ್ಲಿ ಮಾತ್ರ, ಅಂತೂ ಬಂದು ಮುಟ್ಟಿದೆವು ಎಂಬ ನೆಮ್ಮದಿಯಿತ್ತು.

“ಮನೆಗೆ ಅಷ್ಟು ಹತ್ರದಲ್ಲಿ ದೊಡ್ಡಾಸ್ಪತ್ರೆ ಇಟ್ಕೊಂಡು ಇಲ್ಲೀತನಕ ಯಾಕೆ ಬಂದ್ರಿ?” ಎಂದಳು ಅವಳು.

“ಆ್ಯಂಬುಲೆನ್ಸಿನವನು ಅಲ್ಲಿಗೇ ತಿರುಗಿಸಿದ್ದ. ಐಸಿಯುನಲ್ಲಿ ಜಾಗ ಇದೆ ಅಂತಾನೂ ಹೇಳಿದ. ಅಮ್ಮನೇ ಬೇಡ ಅಂದ್ಲು. ಅಲ್ಲಿ ನಮ್ಮನ್ನ ಯಾರು ಕೇಳ್ತಾರೆ, ಇಲ್ಲಾದ್ರೆ ನಮ್ಮ ಸೊಸೆ ಇದ್ದಾಳಲ್ಲ ಅಂತ.”

ಅವಳು ಕೂಡಲೇ ಆ ಆಸ್ಪತ್ರೆಗೆ ಫೋನ್ ಮಾಡಿದಳು. ಅಲ್ಲಿಯೂ ಅವಳಂಥವಳೇ ಒಬ್ಬಳು, ಅವಳು ದಿನವೂ ಆಡುವ ದನಿಯಲ್ಲೇ, ಈಗ ತಾನೇ ತುಂಬಿತಮ್ಮ ಎಂದಳು. ಜಾಗ ಇದ್ದಿದ್ದರೂ ಕಳಿಸುವ ಹಾಗಿರಲಿಲ್ಲ. ಈ ಸ್ಥಿತಿಯಲ್ಲಿ ದಾರಿಯಲ್ಲಿ ಜೀವ ತಡೆಯುವುದಿಲ್ಲ, ಶ್ವಾಸಕೋಶಕ್ಕೆ ನೀರು ತುಂಬಿದೆ, ಬೇಗ ವೆಂಟಿಲೇಟರ್ ಬೇಕು ಎಂದರು ಡಾಕ್ಟರು. ಇದ್ದ ವೆಂಟಿಲೇಟರೆಲ್ಲ ಮೇಲೆ, ಐಸಿಯುವಿನಲ್ಲಿ. ಅಲ್ಲಿ ಬೆಡ್ ಸಿಗುವವರೆಗೆ ಆಕ್ಸಿಜನ್ ಮಾಸ್ಕು ಹಾಕಿ ಅತ್ತೆಯ ಸ್ಟ್ರೆಚರನ್ನು ವಿಭಾಗದ ಒಳ ಓಣಿಯ ಗೋಡೆಯ ಪಕ್ಕ ನಿಲ್ಲಿಸಿದರು. ಅವರ ಮುಂದಿನ ಸ್ಟ್ರೆಚರಿನಲ್ಲಿ ಎದೆನೋವಿನಿಂದ ಬಂದ ವ್ಯಾನ್ ಡ್ರೈವರನೊಬ್ಬ ಬೆವರುತ್ತ ಮಲಗಿದ್ದ. ಪಕ್ಕದಲ್ಲಿ ಅವನ ಹೆಂಡತಿ ಅವನ ಚಪ್ಪಲಿಗಳನ್ನು ಎದೆಗವುಚಿಕೊಂಡು ನಿಂತಿದ್ದಳು.

ಸೊಸೆ ಐಸಿಯುವಿನ ಸಿಸ್ಟರಿಗೆ ಎಷ್ಟು ಸಲ ಫೋನ್ ಮಾಡಿದಳೋ. ಕೊನೆಗೆ ಆಕೆಯೇ ರೋಸಿ, “ನೀನೇ ಬಂದು ಯಾರನ್ನ ಎಬ್ಬಿಸ್ಲಿ ಅಂತ ತೋರಿಸು ತಾಯಿ” ಎಂದುಬಿಟ್ಟಳು. ಗಂಡ ಕಿಂಡಿಗೆ ಬಂದಾಗಲೆಲ್ಲ, “ಸ್ವಲ್ಪ ಜೋರು ಮಾಡಿ ಹೇಳು. ನೀನು ಹೇಳಿದ್ರೆ ಆಗುತ್ತೆ” ಎನ್ನುತ್ತಿದ್ದ. ಹನ್ನೆರಡು ವರ್ಷ ಜೊತೆಗೆ ಬಾಳಿದವನಿಗೂ ಅವಳ ಕೆಲಸ ಏನೆಂದು ತಿಳಿದಿರಲಿಲ್ಲ. ಅವಳಿಗೆ ಅಳು ಬಂತು. ಅಳುವುದಕ್ಕೂ ಪುರುಸೊತ್ತಿರಲಿಲ್ಲ, ಇನ್ನೊಂದು ಆ್ಯಂಬುಲೆನ್ಸ್ ಬಂದು ನಿಂತಿತ್ತು.

ಆಮೇಲೆ ಮೇಲಿನಿಂದ ಫೋನ್ ಬಂತು. ಒಂದು ಬೆಡ್ ಇದೆ. ಒಂದೇ.

ಡಾಕ್ಟರು ಓಣಿಗೆ ಹೋಗಿ ಇಬ್ಬರನ್ನೂ ನೋಡಿದರು. ಡ್ರೈವರನ ಹತ್ತಿರ ಹೆಚ್ಚು ಹೊತ್ತು ನಿಂತರು. ಮರಳಿ ಬಂದು ದನಿ ತಗ್ಗಿಸಿದರು.

“ಮೇಡಂ, ಅವರು ನಿಮ್ಮತ್ತೆ ಅಂತ ಗೊತ್ತು. ಆದ್ರೆ ಡ್ರೈವರನ ಹಾರ್ಟು ಒಂದ್ಸಲ ನಿಂತು ಹೋಗಿ ಮತ್ತೆ ಶುರುವಾಗಿದೆ. ಮೇಲೆ ಅವನನ್ನೇ ಕಳಿಸಿ.”

“ಅತ್ತೆ ತಡೀತಾರಾ ಸರ್?”

ಡಾಕ್ಟರು ಹೊಸದಾಗಿ ಬಂದ ಸ್ಟ್ರೆಚರಿನತ್ತ ತಿರುಗಿದರು.

ವಾರ್ಡ್ ಬಾಯ್ ಬಂದು ಯಾರನ್ನು ಒಯ್ಯಲಿ ಎಂದು ಕೇಳಿದ. ಅತ್ತೆಯ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅವನು ಪ್ರಶ್ನಿಸದೆ ಅವರನ್ನೇ ತಳ್ಳಿಕೊಂಡು ಹೋಗುತ್ತಿದ್ದ. ಆದರೆ ಚಪ್ಪಲಿ ಅವುಚಿಕೊಂಡಿದ್ದ ಆ ಹೆಂಗಸು ಕಿಂಡಿಯತ್ತಲೇ ಕಣ್ಣು ನೆಟ್ಟಿದ್ದಳು. ಗುಮಾಸ್ತೆ ಡ್ರೈವರನ ಹೆಸರು ಹೇಳಿ ಮುಖ ತಿರುಗಿಸಿದಳು.

ಕುಳಿತಿರಲಾಗಲಿಲ್ಲ. ಎದ್ದು ಓಣಿಗೆ ಬಂದಳು. ಡ್ರೈವರನ ಸ್ಟ್ರೆಚರು ಹೊರಟಿತ್ತು. ಅವನ ಹೆಂಡತಿ ಬಿಕ್ಕುತ್ತಿದ್ದುದನ್ನು ಕಂಡು ಅತ್ತೆ ಮಾಸ್ಕು ಸರಿಸಿದರು.

“ಅಳಬೇಡಮ್ಮ. ಬೆಡ್ ಮಾಡಿಸಿಕೊಟ್ಟಿದ್ದು… ನಮ್ಮ ಸೊಸೆ. ಅವಳು ಕೈಹಾಕಿದ್ಮೇಲೆ… ಚಿಂತೆಯಿಲ್ಲ.”

ಆ ಹೆಂಗಸು ಗುಮಾಸ್ತೆಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. “ನಿಮ್ಮ ಉಪಕಾರ ಮರೆಯಲ್ಲ ಅಕ್ಕಾ” ಎಂದು ಗಂಡನ ಹಿಂದೆ ಓಡಿದಳು.

ಗುಮಾಸ್ತೆಯ ಗಂಡ ಎಲ್ಲವನ್ನೂ ನೋಡುತ್ತಿದ್ದ. “ಬೆಡ್ ಬಂದಿತ್ತಾ?” ಎಂದ ಮೆಲ್ಲಗೆ. “ನೀನೇ ಅವರಿಗೆ ಕೊಟ್ಟೆಯಾ?”

ನನ್ನ ಕೈಯಲ್ಲಿ ಏನೂ ಇಲ್ಲ ರೀ, ಯಾವತ್ತೂ ಇರಲಿಲ್ಲ ಎಂದು ಕೂಗಿ ಹೇಳಬೇಕೆನ್ನಿಸಿತು. ಹೇಳಬಹುದಿತ್ತು. ಆದರೆ ಅತ್ತೆ ಅವಳನ್ನೇ ನೋಡುತ್ತಿದ್ದರು, ಆ ನೋಟದಲ್ಲಿ ಒಂದಿಷ್ಟೂ ಹೆದರಿಕೆಯಿರಲಿಲ್ಲ.

“ಬೈಬೇಡ ಕಣೋ ಅವಳನ್ನ” ಎಂದರು ಅತ್ತೆ. “ಯಾರನ್ನ ಯಾವಾಗ ಕಳಿಸ್ಬೇಕು ಅಂತ… ಅವಳಿಗೆ ಗೊತ್ತು. ಮುಂದಿನದು ನಮ್ಮದೇ. ಅಲ್ವೇನೇ?”

ಅವಳು ಮಾಸ್ಕನ್ನು ಮತ್ತೆ ಅವರ ಮೂಗಿನ ಮೇಲೆ ಕೂರಿಸಿದಳು.

“ಹೂಂ ಅತ್ತೆ. ನಾನೇ ಕೊಟ್ಟಿದ್ದು. ಮುಂದಿನದು ನಮ್ಮದೇ.”

ಗಂಡ ಅವಳಿಗೆ ಬೆನ್ನು ಹಾಕಿ ತಾಯಿಯ ಕಾಲು ತಿಕ್ಕತೊಡಗಿದ. ಕಾಲು ಆಗಲೇ ತಣ್ಣಗಾಗುತ್ತಿತ್ತು.