ಕಲ್ಲಿನ ಪಾಲು

ಜರಡಿಯಲ್ಲಿ ಉಳಿದ ಕಲ್ಲುಗಳನ್ನು ಬೇಲಿಯಾಚೆ ಎಸೆಯಲು ಎತ್ತಿದ ಅವಳ ಕೈ ಹಾಗೆಯೇ ನಿಂತಿತು. ಜರಡಿ ಭಾರವಾಗಿತ್ತು. ಕೆಳಗೆ ಹಾಸಿದ ಗೋಣಿಚೀಲದ ಮೇಲೆ ಉದುರಿದ್ದ ಮಣ್ಣು ಮಾತ್ರ ಎರಡು ಬೊಗಸೆಯೂ ಇರಲಿಲ್ಲ.

ಅವಳು ಕುಕ್ಕರುಗಾಲಿನಲ್ಲಿ ಕೂತು ಪಾತಿಯ ಇನ್ನೊಂದು ತುದಿಯಿಂದ ಮಣ್ಣು ತೋಡಿ ಜರಡಿ ಹಿಡಿದಳು. ಅಲ್ಲೂ ಅಷ್ಟೇ. ಮೂರನೆಯ ಸಲ ಪೈನ್ ಮರಗಳ ಅಂಚಿಗೆ ಹೋಗಿ, ಯಾರೂ ಮುಟ್ಟದ ಜಾಗದಲ್ಲಿ ಹಾರೆ ಹಾಕಿದಳು. ಮೇಲೆ ಕೊಳೆತ ಸೂಜಿಯೆಲೆಗಳ ಕಪ್ಪು ಹೊದಿಕೆ, ಅದರಡಿ ಸಾರವೆಲ್ಲ ಮಳೆಗೆ ತೊಳೆದುಹೋದ ಬೂದಿ ಬಣ್ಣದ ಪಟ್ಟಿ, ಅದರ ಕೆಳಗೆ ತುಕ್ಕಿನ ಬಣ್ಣದ ಮಣ್ಣು. ಮಣ್ಣು ಎನ್ನುವುದಕ್ಕಿಂತ ಕಲ್ಲುಗಳ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಪುಡಿ ಎನ್ನಬೇಕು. ಹಾರೆ ಮೊಣಕಾಲುದ್ದ ಇಳಿಯುವಷ್ಟರಲ್ಲಿ ಬಂಡೆಗೆ ಬಡಿದು ಕೈ ಜುಮ್ಮೆಂದಿತು.

ಬೆಟ್ಟದ ಈ ಮಣ್ಣು ಹುಳಿ. ಅದು ಮೊದಲಿನಿಂದಲೂ ಗೊತ್ತಿದ್ದ ಮಾತು. ಪೈನ್ ಸಸಿಗೆ ಹುಳಿ ಮಣ್ಣು ಬೇಕು, ಆದರೆ ಇಷ್ಟು ಹುಳಿ ಬೇಡ. ಸ್ವಲ್ಪ ಸುಣ್ಣ ಕೊಟ್ಟರೆ ಒಳ್ಳೆಯದು, ಹೆಚ್ಚಾದರೆ ಸಸಿ ಹಳದಿಯಾಗುತ್ತದೆ ಎಂದು ಅಣ್ಣನಿಗೆ ಹೇಳಿದವಳು ಅವಳೇ. ಬಯಲಿನ ಪೇಟೆಯ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಅವಳ ಕೆಲಸ. ದಿನಾ ರೈತರು ಚೀಲ ಹಿಡಿದು ಬರುತ್ತಿದ್ದರು, ಅವಳು ಸುಣ್ಣ ಎಷ್ಟು, ಗೊಬ್ಬರ ಎಷ್ಟು ಎಂದು ಬರೆದು ಕೊಡುತ್ತಿದ್ದಳು. ಪಾತಿಯ ಉದ್ದ, ಅಗಲ, ಆಳ ಕೊಟ್ಟರೆ ಕಂಪ್ಯೂಟರೇ ಲೆಕ್ಕ ಹಾಕುತ್ತಿತ್ತು. ನಡುವೆ ಒಂದು ಕಡೆ ಮಣ್ಣಿನಲ್ಲಿ ಕಲ್ಲಿನ ಪಾಲೆಷ್ಟು ಎಂದು ಕೇಳುತ್ತಿತ್ತು. ಬಯಲಿನ ಹೊಲಗಳಲ್ಲಿ ಕಾಗೆಗೆ ಎಸೆಯುವುದಕ್ಕೂ ಒಂದು ಕಲ್ಲು ಸಿಗುವುದಿಲ್ಲ. ಅವಳ ಬೆರಳು ನೋಡದೆಯೇ ಸೊನ್ನೆ ಒತ್ತುತ್ತಿತ್ತು. ಅಣ್ಣನ ಮಣ್ಣಿಗೂ ಸೊನ್ನೆ ಒತ್ತಿತ್ತು. "ಕಲ್ಲೆಲ್ಲ ಆರಿಸಿ ಕಳಿಸು, ಬಸ್ಸಿನವನು ಭಾರ ಅಂತ ಗೊಣಗ್ತಾನೆ" ಎಂದು ಅವಳೇ ಹೇಳಿದ್ದಳು. ಅಣ್ಣ ಹಿಟ್ಟಿನಂಥ ಮಣ್ಣು ಕಳಿಸಿದ್ದ.

ಅಣ್ಣನ ಸಸಿಮಡಿಗೆ ಅವಳು ಎಷ್ಟೋ ಸಲ ಬಂದವಳು. ಇದೇ ಕಲ್ಲುಗಳಿಗೆ ಹೆಬ್ಬೆರಳು ಎಡವಿ ಬೈದುಕೊಂಡವಳು.

ಅರಣ್ಯದವರಿಗೆ ಕೊಡಬೇಕಾಗಿದ್ದ ಸಸಿಗಳು ಒಂದೂ ಬಿಡದೆ ಹಳದಿಯಾಗಿವೆ ಎಂದು ಅಣ್ಣ ಫೋನ್ ಮಾಡಿದ ದಿನ ಅವಳು ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಸುಣ್ಣ ಎರಚಿದ್ದು ಯಾರು?" ಬೇರೆ ಏನೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಎರಚಿದ್ದು ಅತ್ತಿಗೆ. ಪಾತಿಗೆ ಒಂದು ಬಕೆಟ್ ಎಂದು ಲ್ಯಾಬಿನ ಲೆಕ್ಕ. ಬಕೆಟ್ಟಿನ ಬಾಯಿಗೆ ಮಟ್ಟಸವಾಗಿ ತುಂಬುವ ಬದಲು ಗುಡ್ಡೆ ಏರಿಸಿ ತುಂಬಿದ್ದಾಳೆ ಎಂದು ಅಣ್ಣ ಅವತ್ತೇ ತೀರ್ಪು ಕೊಟ್ಟ. ಇನ್ನು ಮೇಲೆ ಪಾತಿಗೆ ಕಾಲಿಡಬೇಡ ಎಂದ. ಇಳಿಜಾರಿನಲ್ಲಿ ಮೊದಲ ಪಾತಿ ಕಡಿದು, ಬೀಜ ಊರಿ, ಸಸಿ ಎಬ್ಬಿಸಿದ್ದವಳು ಅತ್ತಿಗೆ. ಅಣ್ಣ ಆಮೇಲೆ ಬಂದು ಸೇರಿಕೊಂಡವನು.

"ವಿಜ್ಞಾನಿಗಳೇ, ಊಟಕ್ಕೆ ಬರ್ತೀರೋ, ಮಣ್ಣೇ ತಿಂತೀರೋ?" ಮೇಲಿನಿಂದ ಅಣ್ಣ ಕೂಗಿದ.

ಅವಳು ಕಲ್ಲುಗಳನ್ನು ಗುಂಡಿಗೆ ತಳ್ಳಿ, ಕಾಲಿನಿಂದ ಮಣ್ಣು ಎಳೆದು ಮುಚ್ಚಿದಳು. ಊಟ ಆಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು.

ಅಡುಗೆಮನೆಯಲ್ಲಿ ಅತ್ತಿಗೆ ತಟ್ಟೆ ಇಟ್ಟಳು. ಅಣ್ಣ ಮೊದಲ ತುತ್ತಿಗೇ ಮುಖ ಕಿವುಚಿದ.

"ನೋಡು ಪುಟ್ಟಿ, ಉಪ್ಪು. ಇವಳ ಕೈಯೇ ಹಿಂಗೆ. ಚಿಟಿಕೆ ಅಂದ್ರೆ ಹಿಡಿ, ಹಿಡಿ ಅಂದ್ರೆ ಮೊರ. ಸುಣ್ಣದ ಗತಿನೂ ಇದೇ ಆಯ್ತು."

"ಬಕೆಟ್ ಮಟ್ಟಸವಾಗೇ ತುಂಬಿದ್ದೆ ರೀ," ಎಂದಳು ಅತ್ತಿಗೆ. "ನೆಲದಲ್ಲೇ ಏನೋ ದೋಷ ಇದ್ದಿರಬಹುದು."

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ!" ಅಣ್ಣ ನಗುತ್ತಾ ತಂಗಿಯ ಕಡೆ ನೋಡಿದ.

ಅವಳೂ ನಕ್ಕಳು. ಸಣ್ಣ ನಗೆ, ಬೇಡವೆನ್ನುವಷ್ಟರಲ್ಲಿ ಬಾಯಿಂದ ಹೊರಗೆ ಬಿದ್ದಿತ್ತು. ಅತ್ತಿಗೆ ನೀರಿನ ಲೋಟ ಅವಳ ಹತ್ತಿರಕ್ಕೆ ಸರಿಸಿದಳು. ಉಪ್ಪು ಸರಿಯಾಗಿಯೇ ಇತ್ತು. ಅವಳು ತಟ್ಟೆಯಲ್ಲಿ ಒಂದಗುಳೂ ಬಿಡದೆ ಉಂಡಳು, ಬೇಡ ಬೇಡವೆಂದರೂ ಅತ್ತಿಗೆ ಎರಡನೆಯ ಸಲ ಬಡಿಸಿದ್ದನ್ನೂ ಉಂಡಳು.

ಅಣ್ಣ ಕೈತೊಳೆದು ನೀರಿನ ಪೈಪು ಸರಿಮಾಡಲು ಕೆಳಗೆ ಹೋದ. ಅತ್ತಿಗೆ ಹಿತ್ತಲಲ್ಲಿ ಪಾತ್ರೆ ತಿಕ್ಕಲು ಕೂತಳು. ಅವಳು ಪಕ್ಕದಲ್ಲಿ ನಿಂತು, ಅತ್ತಿಗೆ ತೊಳೆದುಕೊಟ್ಟ ಪಾತ್ರೆಗಳನ್ನು ಬೋರಲು ಹಾಕತೊಡಗಿದಳು.

"ಪುಟ್ಟಿ, ನೀನು ಓದಿದವಳು. ಒಂದು ಕೇಳ್ತೀನಿ, ನಗಬಾರದು."

"ಕೇಳು ಅತ್ತಿಗೆ."

"ಮನುಷ್ಯರಿಗೆ ಮಾಡಿದ್ದು ಮರೆತುಹೋಗತ್ತಾ? ಮೊದಮೊದಲು ನಾನು ಗುಡ್ಡೆ ಏರಿಸಿಲ್ಲ ಅಂತ ಖಂಡಿತಾ ಹೇಳ್ತಿದ್ದೆ. ಮೇಲೆ ಕೋಲು ಎಳೆದು ಮಟ್ಟ ಮಾಡಿದ್ದು ಚೆನ್ನಾಗಿ ನೆನಪಿತ್ತು. ಇವರು ಹೇಳಿ ಹೇಳಿ, ಈಗ ಕಣ್ಣು ಮುಚ್ಚಿದ್ರೆ ಗುಡ್ಡೆಯೇ ಕಾಣತ್ತೆ. ಕೋಲು ಕಾಣಲ್ಲ."

ಅವಳ ಕೈಯಲ್ಲಿದ್ದ ಪಾತ್ರೆ ಜಾರಿ ಕಲ್ಲಿನ ಮೇಲೆ ಬಿದ್ದು ಉರುಳಿತು. ಅತ್ತಿಗೆ ಎದ್ದು ಅದನ್ನು ಎತ್ತಿಕೊಂಡು ನೆಗ್ಗಿದೆಯೇನೋ ಎಂದು ತಿರುಗಿಸಿ ನೋಡಿದಳು.

"ನೀನು ಗುಡ್ಡೆ ಏರಿಸಿಲ್ಲ ಅತ್ತಿಗೆ. ಲೆಕ್ಕ ತಪ್ಪು. ನನ್ನ ಲೆಕ್ಕ."

ಅತ್ತಿಗೆ ನಕ್ಕುಬಿಟ್ಟಳು. "ಹೋಗೇ. ನನ್ನ ಮುಖ ನೋಡಿ ಹಂಗಂತೀಯ."

ಪೈಪು ಸರಿಮಾಡಿ ಬಂದ ಅಣ್ಣನಿಗೂ ಅವಳು ಅದನ್ನೇ ಹೇಳಿದಳು. ಅವನು ಕೈ ಒರೆಸಿಕೊಳ್ಳುತ್ತಾ ಹೆಂಡತಿಯ ಕಡೆ ತಿರುಗಿದ. "ಏನೇ, ಇವಳ ಮುಂದೆ ಅತ್ಕೊಂಡ್ಯಾ? ಪಾಪದ ಹುಡುಗಿ, ನಿನ್ನ ತಪ್ಪನ್ನ ತನ್ನ ತಲೆ ಮೇಲೆ ಎಳ್ಕೊಳ್ತಿದಾಳೆ."

"ಇಲ್ಲ ಅಣ್ಣ, ನಿಜವಾಗ್ಲೂ—"

"ನೀನೇ ತಾನೆ ಫೋನಲ್ಲಿ ಮೊದಲು ಕೇಳಿದ್ದು, ಎರಚಿದ್ದು ಯಾರು ಅಂತ? ನಂಗೆ ಹೊಳೆದೇ ಇರ್ಲಿಲ್ಲ."

"ಅವರು ಹೇಳೋದು ಸರಿ ಪುಟ್ಟಿ," ಎಂದಳು ಅತ್ತಿಗೆ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ. "ನನಗೋಸ್ಕರ ನೀನು ಸುಳ್ಳು ಹೇಳೋದು ಬೇಡ. ಅಷ್ಟು ಅಂದ್ಯಲ್ಲ, ಸಾಕು."

ಅತ್ತಿಗೆಯ ಕಣ್ಣಲ್ಲಿ ನಿಜವಾದ ಕೃತಜ್ಞತೆ ಇತ್ತು. ಅದನ್ನು ನೋಡಲಾಗದೆ ಅವಳು ಸುಣ್ಣದ ಬಕೆಟ್ಟನ್ನೇ ತೆಗೆದುಕೊಂಡು ಪಾತಿಗೆ ನಡೆದಳು. ಅಣ್ಣ ಗೊಣಗುತ್ತಾ ಹಿಂದೆಯೇ ಬಂದ. ಅತ್ತಿಗೆ ಪಾತಿಯ ಅಂಚಿನವರೆಗೆ ಬಂದು ಅಲ್ಲೇ ನಿಂತಳು.

ಅವಳು ಪಾತಿಯ ಮಣ್ಣನ್ನು ಬಕೆಟ್ಟಿನ ಬಾಯಿಮಟ್ಟ ತುಂಬಿ ಅಣ್ಣನಿಗೆ ತೋರಿಸಿದಳು. ಆಮೇಲೆ ಅಷ್ಟನ್ನೂ ಗೋಣಿಯ ಮೇಲೆ ಜರಡಿ ಹಿಡಿದಳು. ಕಲ್ಲಿಗಂಟಿದ ಮಣ್ಣನ್ನೂ ಬೆರಳಿನಿಂದ ಉಜ್ಜಿ ಉದುರಿಸಿದಳು. ಕಲ್ಲುಗಳನ್ನು ತಿರುಗಿ ಬಕೆಟ್ಟಿಗೆ ಹಾಕಿ ಕುಲುಕಿದಳು. ಬಕೆಟ್ ಅರ್ಧ ದಾಟಿ ತುಂಬಿತು.

"ಇದೆಲ್ಲ ಮಣ್ಣು ಅಂತ ಲೆಕ್ಕ ಹಾಕಿದೆ ಅಣ್ಣ. ಸುಣ್ಣ ಬೇಕಾಗಿದ್ದು ಗೋಣಿ ಮೇಲಿರೋ ಇಷ್ಟಕ್ಕೆ ಮಾತ್ರ. ಕಲ್ಲು ಹುಳಿನೂ ಅಲ್ಲ, ಸಿಹಿನೂ ಅಲ್ಲ, ಅದಕ್ಕೆ ಏನೂ ಬೇಡ. ನಾನು ಕಲ್ಲಿಗೂ ಸೇರಿಸಿ ಕೊಟ್ಟೆ. ಅತ್ತಿಗೆ ಕೋಲು ಎಳೆದು ಹಾಕಿದ್ರೂ ಸಸಿ ಹಿಂಗೇ ಆಗ್ತಿತ್ತು."

ಅಣ್ಣ ಬಗ್ಗಿ ಬಕೆಟ್ಟಿನೊಳಗೆ ಕೈ ಹಾಕಿ ಕಲ್ಲುಗಳನ್ನು ಕದಡಿದ. ಗೋಣಿಯನ್ನು ನೋಡಿದ. ಮತ್ತೆ ಬಕೆಟ್ ನೋಡಿದ. ಅವನ ಕತ್ತು ಕೆಂಪಾಯಿತು. ಬೈಯಲಿ ಎಂದು ಅವಳು ಕಾದಳು. ಬೈದಿದ್ದರೆ ಚೆನ್ನಾಗಿತ್ತು.

"ಹೋಗ್ಲಿ ಬಿಡು ಪುಟ್ಟಿ," ಎಂದ ಅಣ್ಣ. "ತಪ್ಪು ಯಾರಿಗಾಗಲ್ಲ? ಬೇಕು ಅಂತ ಮಾಡಿದ್ದಾ?"

ಆ ಮಾತು ಅವನ ಬಾಯಲ್ಲಿ ಎಷ್ಟು ಸಲೀಸಾಗಿ ಬಂತೆಂದರೆ, ಬಂದ ಮೇಲೆ ಅವನಿಗೇ ಕೇಳಿಸಿತೇನೋ. ಹೆಂಡತಿಯ ಕಡೆ ತಿರುಗಲು ಹೋದವನು ತಿರುಗದೆ, ಪೈಪು ಮತ್ತೆ ಸೋರುತ್ತಿರಬಹುದು ಎಂದು ಯಾರಿಗೋ ಹೇಳಿದಂತೆ ಹೇಳಿ ಕೆಳಗಿಳಿದ.

ಅತ್ತಿಗೆ ನಿಂತಲ್ಲಿಂದ ಕದಲಲಿಲ್ಲ. ಮುಖದಲ್ಲಿ ಸ್ವಲ್ಪ ಹೊತ್ತಿನ ಹಿಂದೆ ಇದ್ದ ಕೃತಜ್ಞತೆ ಈಗ ಇರಲಿಲ್ಲ.

"ಯಾವಾಗ ಗೊತ್ತಾಯ್ತು?"

"ಇವತ್ತೇ ಅತ್ತಿಗೆ. ಆಣೆಯಾಗ್ಲೂ ಇವತ್ತೇ."

"ಇವತ್ತು ಯಾವಾಗ?"

ಅವಳು ಜರಡಿಯ ತಂತಿಯಲ್ಲಿ ಸಿಕ್ಕಿಕೊಂಡಿದ್ದ ಸಣ್ಣ ಕಲ್ಲನ್ನು ಉಗುರಿನಿಂದ ಕೀಳಲು ನೋಡಿದಳು. ಅದು ಬರಲಿಲ್ಲ.

"ಊಟಕ್ಕೆ ಮುಂಚೆನಾ?"

"ಹೂಂ."

ಅತ್ತಿಗೆ ತಲೆಯಾಡಿಸಿದಳು. ಅಂಗಡಿಯಲ್ಲಿ ಬೆಲೆ ಕೇಳಿದವರು ಸರಿ ಎಂದು ತಲೆಯಾಡಿಸುವಂತೆ ಅಷ್ಟೇ. ಆಮೇಲೆ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಪಾತಿಯೊಳಗೆ ಕಾಲಿಟ್ಟು, ಬಗ್ಗಿ ಮೊದಲ ಹಳದಿ ಸಸಿಯನ್ನು ಕಿತ್ತಳು. ಕಿತ್ತು ಬದಿಗೆ ಹಾಕಿ ಎರಡನೆಯದಕ್ಕೆ ಕೈ ಹಾಕಿದಳು. ಮರುಬಿತ್ತನೆಗೆ ಪಾತಿ ಖಾಲಿಯಾಗಲೇಬೇಕಿತ್ತು.

ಅವಳೂ ಪಕ್ಕದ ಸಾಲಿಗೆ ಬಂದು ಬಗ್ಗಿದಳು. ಅತ್ತಿಗೆ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಸಸಿಯನ್ನು ಬದಿಗೆ ಹಾಕಿ ಎದ್ದು, ನಾಲ್ಕು ಪಾತಿ ದಾಟಿ, ಇಳಿಜಾರಿನ ಆಚೆ ತುದಿಯಲ್ಲಿ ಬೆನ್ನು ತಿರುಗಿಸಿ ಕೂತು ಅಲ್ಲಿಂದ ಕೀಳತೊಡಗಿದಳು.

ಇತ್ತ ಅವಳು ಎಳೆದ ಸಸಿ ಸುಲಭಕ್ಕೆ ಬರಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಎಳೆದಾಗ ಬೇರಿನ ಸಮೇತ ಒಂದು ಕಲ್ಲು ಎದ್ದು ಬಂತು. ಕೂದಲಿನಷ್ಟು ಸಣ್ಣ ಬೇರುಗಳು ಕಲ್ಲನ್ನು ಸುತ್ತಲೂ ಬಲೆಯಂತೆ ತಬ್ಬಿದ್ದವು. ಅವಳು ಕೊಡವಿದಳು. ಮಣ್ಣೆಲ್ಲ ಉದುರಿತು, ಕಲ್ಲು ಉದುರಲಿಲ್ಲ.